ಕೈ ತೊಳೆದ ಮೇಲೆ

ಹುರಿದ ಅಗಸಿಯ ವಾಸನೆ, ಧಾರವಾಡದ ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು ಚಟ್ನಿಪುಡಿಗೆ ಹುರಿಯುತ್ತಿದ್ದಳಲ್ಲ, ಅದೇ ಘಾಟು, ಲಂಡನ್ನಿನ ಈ ಕೋರ್ಟಿನೊಳಗೆ ಎಲ್ಲಿಂದ ಬಂತು — ತನ್ನ ಶಾಲಿನದೇ ಇರಬೇಕು ಎಂದುಕೊಂಡರು ಗಿರಿಜಾದೇವಿ, ಪಕ್ಕದ ಬಿಳಿ ಹೆಂಗಸು ಮೂಗು ಮುರಿಯದೆ ಸರಿದು ಜಾಗ ಕೊಟ್ಟಳು, ಎಷ್ಟು ಒಳ್ಳೆಯವಳು, ಕಟಕಟೆಯಲ್ಲಿ ನಿಂತ ಪರಪ್ಪ ಇವರ ಅಕ್ಕನ ಮಗ ಎಂದು ಗೊತ್ತಾಗಿದ್ದರೆ ಕೊಡುತ್ತಿದ್ದಳೋ ಇಲ್ಲವೋ. ಜಡ್ಜ್ ಓದುತ್ತಿದ್ದಾರೆ, ಒಮ್ಮೆ ಗಡೀಪಾರಾದವನು, ಬೇರೆಯವರ ಪಾಸ್‌ಪೋರ್ಟಿನಲ್ಲಿ ಮರಳಿ ಬಂದವನು, ಲಾರಿಗಳಲ್ಲಿ ಜನರನ್ನು ಕದ್ದುಮುಚ್ಚಿ ತರುವ ಗ್ಯಾಂಗಿನವನು — ತೊಂಬತ್ತರ ದಶಕ ಅಲ್ಲ ಇದು ಆಂಟಿ, ಈಗ ಕಾನೂನು ಬಿಗಿ ಮಾಡಿದ್ದಾರೆ, ಗ್ಯಾಂಗ್ ಅಂದರೆ ಬಿಡೋದೇ ಇಲ್ಲ, ಎಂದಿದ್ದ ವಕೀಲ ಮಧುಸೂದನ್ — ಒಂಬತ್ತು ವರ್ಷ ಜೈಲು, ಪರಪ್ಪ ತಲೆ ಎತ್ತಲಿಲ್ಲ. ವೀಸಾ ಸರಿ ಆಗೇತಿ ಚಿಗವ್ವಾ ಅಂದಿದ್ದ, ಇವರು ನಂಬಿದರು, ಬಿ.ಎ. ಓದಿದವರು. ನನ್ನ ಗೆಳ್ಯಾರು ನಿನ್ನ ಕೈರೊಟ್ಟಿ ಉಣ್ಲಿ ಅಂದ, ಲಂಡನ್ನಿನ ಅಂಚಿನ ಹೌನ್ಸ್ಲೋದಲ್ಲಿ ಇವರ ಅಡುಗೆಮನೆ ತುಂಬ ಜನ, ಬಂದವರು ಉಂಡು ಕೈ ತೊಳೆಯುವ ತನಕ ಊರು ಹೆಸರು ಕೇಳಬಾರದು, ಅವ್ವ ಕಲಿಸಿದ್ದು, ಕೈ ತೊಳೆದರೋ ಇಲ್ಲವೋ, ನಡೀರಿ ನಡೀರಿ, ವ್ಯಾನ್ ನಿಂತೈತಿ, ಎಂದು ಪರಪ್ಪ ಎಬ್ಬಿಸಿಬಿಡುತ್ತಿದ್ದ, ಕೇಳುವುದು ಉಳಿದೇ ಹೋಗುತ್ತಿತ್ತು, ಇವರಿಗೋ ಬಡಿಸಿದ ಹಿಗ್ಗು.

ಮತ್ತೆ ಆ ಹುಡುಗಿ, ರಜನಿ — ಹೆಸರು ತಿಳಿದದ್ದು ಅವಳು ಸಾಕ್ಷಿ ಹೇಳಲು ಬಂದಾಗ — ತಾಟು ತೊಳೆಯುವ ನೆಪದಲ್ಲಿ ಸಿಂಕಿನ ಹತ್ತಿರ ನಿಂತು, ಅಮ್ಮಾ, ನಾ ಇಲ್ಲೇ ಇರ್ಲೇನ್ರಿ, ಅಂದಳು. ನಕ್ಕರಲ್ಲ! ಏ ಹುಚ್ಚಿ, ಅಷ್ಟು ರುಚಿ ಹತ್ತಿದ್ವೇನ ರೊಟ್ಟಿ, ಮತ್ತ ಬರುವಂತಿ ನಡಿ, ಎಂದು ನಕ್ಕು, ಬುತ್ತಿಗೆ ಇನ್ನಷ್ಟು ರೊಟ್ಟಿ ಸುತ್ತಿ ಕೊಟ್ಟು, ವ್ಯಾನಿನ ತನಕ ಹೋಗಿ ಕೈಬೀಸಿ ಬಂದರು, ಅದರ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದದ್ದು ಕೇಳಿಯೂ — ಕೇಳಿತ್ತು, ಕೇಳಲಿಲ್ಲ ಎಂದುಕೊಳ್ಳಲು ಬರುವುದಿಲ್ಲ. ಆಮೇಲೆ ಯಾವುದೋ ಲಾಂಡ್ರಿಯಲ್ಲಿ ಬೀಗದ ಹಿಂದೆ ದುಡಿದಳಂತೆ, ಅದನ್ನೆಲ್ಲ ಹೇಳಿ, ಆ ಅಮ್ಮನ ಮನ್ಯಾಗಷ್ಟ ಹೊಟ್ಟಿ ತುಂಬ ಉಂಡೀನ್ರಿ, ಅವರದೇನೂ ತಪ್ಪಿಲ್ಲ, ಎಂದಳು, ಬೈದಿದ್ದರೆ ಆಗುತ್ತಿತ್ತು, ಎಲ್ಲರೆದುರು ಬೈದಿದ್ದರೆ. ಕೋರ್ಟು ಖಾಲಿ, ಕಾರಿಡಾರಿನ ಬೆಂಚು, ಪಕ್ಕದಲ್ಲಿ ಯಾರೋ ಕೂತರು, ರಜನಿ, ನೋಡಬಾರದು, ನೋಡಬೇಕು, ತಪ್ಪಾತವ್ವ ಎನ್ನಬೇಕು, ಯಾವ ಬಾಯಿಂದ — ಕಾಗದದ ಸರಬರ, ಮುಂಜಾನಿಂದ ಏನೂ ತಿಂದಿಲ್ಲ ನೀವು, ತಗೋರಿ — ಸಾಕ್ಷಿಗಳಿಗೆಂದು ಕೊಟ್ಟ ಬ್ರೆಡ್ಡು, ಅರ್ಧವಲ್ಲ, ಇಡಿಯದು, ಮಣಿಕಟ್ಟಿನ ಮೇಲೆ ಇಸ್ತ್ರಿಯ ಸುಟ್ಟಕಲೆ, ಆ ಕೈ, ಇವರು ತೆಗೆದುಕೊಳ್ಳುವ ತನಕ ಚಾಚಿಯೇ ಇರುವ ಆ ಕೈ.