ತೊಟ್ಟಿಲ ಮೇಲಿನ ತೊಂಬತ್ತು ಚೀಲ

ಏಪ್ರಿಲ್ 22, ಬೆಳಿಗ್ಗೆ 11 ಗಂಟೆ 40 ನಿಮಿಷ. ಗುಜರಾತಿನ ಕಛ್ ಕರಾವಳಿಯ ಗಾಂಧಿಧಾಮದಲ್ಲಿ ನೆಲ ನಡುಗಿತು. ಒಂಬತ್ತು ಸೆಕೆಂಡು. ಯಾರಿಗೂ ಗಾಯವಾಗಲಿಲ್ಲ, ಯಾವ ಗೋಡೆಯೂ ಬೀಳಲಿಲ್ಲ.

ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ, ಆ ನಡುಕದಿಂದ ಒಂದು ರೈಲು ಪ್ರಯಾಣ ನಿಂತಿತು.

ಪ್ರಯಾಣ ಮಾಡಬೇಕಿದ್ದವಳು ಅಮೃತಾ. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಕೂಸಿಗೆ ಐದು ತಿಂಗಳು ತುಂಬುತ್ತ ಬಂದಿತ್ತು. ಗಂಡ ಪ್ರಭು ಗಾಂಧಿಧಾಮದ ಹತ್ತಿರದ ಬಂದರಿನಲ್ಲಿ ನೌಕರ. ಮೇ ತಿಂಗಳ ಕೊನೆಯ ವಾರಕ್ಕೆ ಹುಬ್ಬಳ್ಳಿಯಿಂದ ಟಿಕೆಟ್ ಆಗಿತ್ತು. ನೆಲ ನಡುಗಿದ ಹತ್ತೇ ನಿಮಿಷಕ್ಕೆ ಪ್ರಭು ಫೋನ್ ಮಾಡಿ, ಏನೂ ಆಗಿಲ್ಲ, ಕೊಡದ ನೀರು ತುಳುಕಿತು ಅಷ್ಟೆ ಎಂದಿದ್ದ. ಆದರೆ ಅಮೃತಾಳ ತಂದೆ ಮಡಿವಾಳೆಪ್ಪ ಅಳಿಯನ ಮಾತಿಗಿಂತ ಟಿವಿಯನ್ನು ಹೆಚ್ಚು ನಂಬಿದರು. ಟಿವಿಯಲ್ಲಿ ಒಂದೇ ಫ್ಯಾನು ಸಂಜೆಯವರೆಗೆ ಅಲುಗಾಡುತ್ತಿತ್ತು.

“ನೆಲಾನ ನೆಟ್ಟಗ ನಿಲ್ಲದ ಊರಿಗೆ ಮೊಮ್ಮಗಳನ್ನ ಕಳಸಂಗಿಲ್ಲ,” ಎಂದರು ಮಡಿವಾಳೆಪ್ಪ.

“ಫ್ಯಾನ್ ಅಲಗ್ಯಾಡಿದ್ದಕ್ಕ ಸಂಸಾರ ಬಿಡಬೇಕೇನಪಾ?” ಎಂದಳು ಅಮೃತಾ.

“ಬಿಡು ಅಂದ್ನ್ಯಾ? ಒಂದು ವರ್ಷ ಇಲ್ಲೇ ಇರು. ಈ ಮನಿ ನಮ್ಮಪ್ಪ ಕಟ್ಟಿಸಿದ್ದು. ಗ್ವಾಡಿ ಎರಡು ಮೊಳ ದಪ್ಪ ಐತಿ. ಅರವತ್ತು ವರ್ಷದಾಗ ಒಂದು ಕಲ್ಲು ಜಾರಿಲ್ಲ.”

“ಅಳಿಯಾರನ್ನೂ ಒಂದು ಮಾತು ಕೇಳ್ರಿ,” ಎಂದರು ಹೆಂಡತಿ ಸಾವಿತ್ರೆವ್ವ.

“ಅವರೂ ಬರ್ಲಿ. ಹೆಸರು ಬಿತ್ತಾಕ ಒಂದು ಆಳು ಕಡಿಮಿ ಐತಿ.”

ಆ ಭಾಗದ ಹಳೆಯ ಮನೆಗಳಂತೆ ಅದೂ ಮೇಲ್ಮುದ್ದೆ ಮನೆ. ಕಲ್ಲು ಮಣ್ಣಿನ ಗೋಡೆ, ಮರದ ಕಂಬ, ಅದರ ಮೇಲೆ ತೊಲೆ, ಜಂತಿ, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಂಪು. ಒಳಕೋಣೆಯ ತೊಲೆಗೆ ಹಗ್ಗ ಕಟ್ಟಿ ಕೂಸಿನ ತೊಟ್ಟಿಲು ತೂಗುಬಿಟ್ಟಿದ್ದರು. ಅಮೃತಾ ಕೂಸಾಗಿದ್ದಾಗ ಮಲಗಿದ್ದ ತೊಟ್ಟಿಲೂ ಅದೇ, ಹಗ್ಗ ಮಾತ್ರ ಹೊಸದು.

ಪ್ರತಿ ವರ್ಷ ರೋಹಿಣಿ ಮಳೆ ಬೀಳುವ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕುವುದು ವಾಡಿಕೆ. ಮಣ್ಣು ಹಾಕಿದರೆ ಸೋರುವುದಿಲ್ಲ. ಮಡಿವಾಳೆಪ್ಪನವರ ತಂದೆ ಹಾಕುತ್ತಿದ್ದರು, ನಂತರ ಇವರು. ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಈ ವರ್ಷ ಮೇ ತಿಂಗಳ ಮೊದಲ ಭಾನುವಾರ ಬಂದ ಟ್ರ್ಯಾಕ್ಟರು ಒಂದು ಟ್ರೇಲರ್ ಮಣ್ಣನ್ನು ಪಕ್ಕದ ಮನೆ ಶಮೀಮಾಬಿಯ ಬಾಗಿಲ ಮುಂದೆ ಸುರಿದು ಹೋಯಿತು.

ಶಮೀಮಾಬಿ ಜಮಖಾನೆ ನೇಯುವವರು. ಬಣ್ಣ ಹಾಕಿದ ನೂಲನ್ನು ಆಗಷ್ಟೇ ಒಣಹಾಕಿದ್ದರು.

“ಮಡಿವಾಳೆಪ್ಪಣ್ಣಾರ, ವರ್ಷಾ ನಿಮ್ಮ ಮಾಳಗಿ ಮಣ್ಣು ನನ್ನ ನೂಲಿನ ಮ್ಯಾಲ ಬೀಳತೈತಿ. ಇದೇನು ಹರಕಿ ಏನ್ರಿ?”

“ಎರಡು ತಾಸು ತಡಿ ತಂಗಿ. ಅದರ ಜಾಗಾಕ್ಕ ಅದು ಹೋಗತೈತಿ.”

ಶಮೀಮಾಬಿಯ ಮಗಳು ಮುಬಶಿರಾ ಹೊರಗೆ ಬಂದಳು. ಸಿವಿಲ್ ಡಿಪ್ಲೊಮಾ ಓದಿ, ಹುಬ್ಬಳ್ಳಿಯಲ್ಲಿ ಮನೆಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಭೂಕಂಪ, ಪ್ರವಾಹದಂಥ ವಿಪತ್ತಿನ ಸಮಯದಲ್ಲಿ ಊರಿಗೆ ನೆರವಾಗುವ ತರಬೇತಿಯನ್ನೂ ಪಡೆದವಳು.

“ಕಾಕಾ, ಮ್ಯಾಲೆ ಈಗ ಎಷ್ಟು ಮಣ್ಣು ಐತ್ರಿ?”

“ಮಾಳಗಿ ಮಣ್ಣನ್ನ ಯಾರರೆ ಅಳೀತಾರೇನವಾ?”

“ನಾ ಅಳೀತೀನಿ. ಏಣಿ ಹಚ್ರಿ.”

ಅವಳ ಹಿಂದೆಯೇ ಮಡಿವಾಳೆಪ್ಪ ಏಣಿ ಹತ್ತಿದರು. ಮಾಳಿಗೆಯ ನಡುವೆ ಒಳಕೋಣೆಗೆ ಬೆಳಕು ಬೀಳುವ ಬೆಳಕಿಂಡಿ ಇತ್ತು. ಅದರ ಅಂಚಿನಲ್ಲಿ ಮಣ್ಣಿನ ಪದರಗಳು ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕಾಣುತ್ತಿದ್ದವು. ಮಳೆಗೆ ಒಂದಿಷ್ಟು ಕೊಚ್ಚಿ ಹೋಗಿ ಉಳಿದದ್ದೇ ಇಷ್ಟು. ಮುಬಶಿರಾ ಟೇಪು ಇಳಿಬಿಟ್ಟಳು. ಒಂದು ಅಡಿ ಒಂಬತ್ತು ಇಂಚು.

“ಮಣ್ಣು ಉದರಸಬ್ಯಾಡ್ರಿ,” ಎಂದು ಕೆಳಗಿನಿಂದ ಸಾವಿತ್ರೆವ್ವನ ದನಿ ಬಂತು. “ಕೂಸು ಈಗ ಕಣ್ಣು ಮುಚ್ಚೈತಿ.”

ಇಬ್ಬರೂ ಬಗ್ಗಿ ನೋಡಿದರು. ಬೆಳಕಿಂಡಿಯಿಂದ ತೊಟ್ಟಿಲು ನೇರವಾಗಿ ಕಾಣುತ್ತಿತ್ತು.

ಮುಬಶಿರಾ ಫೋನಿನಲ್ಲಿ ಲೆಕ್ಕ ಹಾಕಿದಳು. ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಒಂದು ಘನ ಅಡಿ ಒಣ ಮಣ್ಣು ಸುಮಾರು ನಲವತ್ತೈದು ಕಿಲೋ.

“ಈ ಒಂದು ಖೋಲಿ ಮ್ಯಾಲ ಒಂಬತ್ತು ಟನ್ನಿಗೂ ಹೆಚ್ಚು ಐತಿ ಕಾಕಾ. ಕ್ವಿಂಟಲ್ ಜ್ವಾಳದ ಚೀಲ ತೊಂಬತ್ತು. ಇದು ಒಣಾ ತೂಕ. ಮಳಿ ಬಂದ್ರ ಇನ್ನೂ ಜಾಸ್ತಿ.”

ಮಡಿವಾಳೆಪ್ಪ ಜೋಳ ಬೆಳೆದವರು. ತೊಂಬತ್ತು ಚೀಲ ಒಟ್ಟಿದರೆ ಎಷ್ಟು ಎತ್ತರ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಆದರೂ ಸೋಲಲಿಲ್ಲ.

“ಅರವತ್ತು ವರ್ಷ ಹೊತ್ತಾವಲ್ಲ ತೊಲಿ?”

“ಸುಮ್ನ ನಿಂತು ಹೊತ್ತಾವ. ತಲಿ ಮ್ಯಾಲ ಚೀಲ ಹೊತ್ತವನ ಕಾಲು ಯಾರರೆ ಆ ಕಡೆ ಈ ಕಡೆ ಎಳದ್ರ ಏನಾಗತೈತಿ? ನೆಲ ನಡಗಿದ್ರ ಕಂಬಕ್ಕೂ ಗ್ವಾಡಿಗೂ ಹಂಗ ಆಗೂದು.”

“ನಮ್ಮ ಕಡೆ ಭೂಕಂಪ ಎಲ್ಲೈತಿ? ಅದು ಸಮುದ್ರದ ಕಡೆ.”

“ಕಿಲ್ಲಾರಿ ಜನಾನೂ ಹಂಗ ಅಂದ್ಕೊಂಡಿದ್ರು. ಲಾತೂರ ಜಿಲ್ಲಾದಾಗಿನ ಕಿಲ್ಲಾರಿ. ಸಮುದ್ರ ಅಲ್ಲಿಂದ ಎಲ್ಲಿ ಐತಿ? ಅಲ್ಲಿನೂ ಇಂಥಾವ ಮನಿ, ಇಂಥಾದ ಮಾಳಗಿ. 1993ರಾಗ ಸಾವಿರಾರು ಮಂದಿ ಮನಿಯೊಳಗ ಮಣ್ಣಾದ್ರು.”

ಕೆಳಗಿನಿಂದ ಸಾವಿತ್ರೆವ್ವ ಮತ್ತೆ ಮಾತಾಡಿದರು. “ಅವತ್ತ ನಸಿಕಿನ್ಯಾಗ ನಮ್ಮ ಮನ್ಯಾಗೂ ಪಾತ್ರಿ ಸಪ್ಪಳಾದ್ವು. ನಾ ಎಬ್ಬಿಸಿದ್ರ, ಬೆಕ್ಕು ಬಂದೈತಿ ಮಲಕೋ ಅಂದಿದ್ರಿ ನೀವು.”

“ಬೆಕ್ಕೂ ಇತ್ತು,” ಎಂದರು ಮಡಿವಾಳೆಪ್ಪ.

ಮುಬಶಿರಾ ನಗಲಿಲ್ಲ. ಧಾರವಾಡ ಜಿಲ್ಲೆ ಭೂಕಂಪದ ಮಧ್ಯಮ ಅಪಾಯವಿರುವ ಪ್ರದೇಶ, ಕಛ್ ಅತಿ ಹೆಚ್ಚು ಅಪಾಯದ ಪ್ರದೇಶ ಎಂದು ವಿವರಿಸಿದಳು. ಕಛ್‌ನ ನೆಲದಾಳದಲ್ಲಿ ಬಂಡೆ ಸೀಳಿದ ಉದ್ದನೆಯ ಬಿರುಕುಗಳಿವೆ ಎಂದಳು.

“ನಮ್ಮ ಎರಿಹೊಲ ಬ್ಯಾಸಗ್ಯಾಗ ಬಿರಕ ಬಿಡತೈತಲ್ಲ, ಹಂಗ?” ಎಂದರು ಮಡಿವಾಳೆಪ್ಪ. “ಅದರಾಗ ನನ್ನ ಕುಡಗೋಲ ಕಳದು ಎರಡು ವರ್ಷಾತು. ಮಳಿ ಬಂದ್ರ ಕೂಡತೈತಿ.”

“ಅದು ಬ್ಯಾರೆ ಕಾಕಾ. ಅದು ಮಣ್ಣು ಒಣಗಿ ಬಿಡೂ ಬಿರಕ. ಇದು ಕಿಲೋಮೀಟರಗಟ್ಟಲೆ ಆಳದಾಗ ಐತಿ, ಮಳಿಗೂ ಬಿಸಲಿಗೂ ಸಂಬಂಧಿಲ್ಲ. ಎರಡೂ ಬಾಜೂಕ ಬಂಡಿಗಲ್ಲು ಒಂದಕ್ಕೊಂದು ಒತ್ತಿ ನಿಂತಿರತಾವ. ತಡಕೊಳ್ಳಾಕ ಆಗದಾಗ ಒಮ್ಮೆಲೆ ಜಾರತಾವ. ಅದ ಭೂಕಂಪ. 2001ರಾಗ ಕಛ್‌ನಾಗ ಹಂಗ ಆಗಿ ಗುಜರಾತಿನ್ಯಾಗ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಹೋದ್ರು.”

“ಮತ್ತ ಬರತೈತೇನು?”

“ಬರಬಹುದು. ಇಂಥಾ ದಿನ, ಇಷ್ಟು ತಾಸಿಗೆ ಅಂತ ಜಗತ್ತಿನ್ಯಾಗ ಯಾರೂ ಹೇಳಾಕ ಆಗಂಗಿಲ್ಲ. ಹೇಳ್ತೀನಿ ಅಂತ ಫೋನಿಗೆ ಮೆಸೇಜ್ ಬಂದ್ರ ನಂಬಬ್ಯಾಡ್ರಿ.”

“ಅದಕ್ಕ ಅಮೃತಾನ್ನ ಕಳಸಂಗಿಲ್ಲ ಅನ್ನೂದು.”

“ಕಾಕಾ, ಕೊಲ್ಲೂದು ನಡುಕಲ್ಲ, ಬೀಳೂ ಮನಿ. ಅಲ್ಲಿ ನೆಲದ ಅಪಾಯ ಜಾಸ್ತಿ ಐತಿ, ಖರೇ. ಆದ್ರ ಅವರ ಮನಿ ಹ್ಯಾಂಗೈತಿ ಅಂತ ಕೇಳೀರೇನು?”

ಕೆಳಗಿಳಿದು ಪಡಸಾಲೆಯಲ್ಲಿ ಕುಳಿತು ಮುಬಶಿರಾಳ ಫೋನಿನಿಂದ ಪ್ರಭುವಿಗೆ ವಿಡಿಯೊ ಕರೆ ಮಾಡಿದರು. ಪ್ರಭು ಇರುವುದು ಬಾಡಿಗೆ ಮನೆ, ಮೂರನೇ ಮಹಡಿ.

“ಮಾವಾರ, ಇದು 2001ರ ನಂತರ ಕಟ್ಟಿದ್ದು. ಗಟ್ಟಿ ಐತ್ರಿ.”

“ಹೊಸಾದು ಅಂದ ಮಾತ್ರಕ್ಕ ಗಟ್ಟಿ ಅಲ್ಲ ಪ್ರಭು ಅಣ್ಣಾ,” ಎಂದಳು ಮುಬಶಿರಾ. “ಅವತ್ತು ಅಹಮದಾಬಾದಿನ್ಯಾಗ ಹೊಸಾ ಬಿಲ್ಡಿಂಗೂ ಬಿದ್ದಾವು. ಭೂಕಂಪದ ನಿಯಮ ಹಿಡದು ಕಟ್ಟೀವಿ ಅಂತ ಇಂಜಿನಿಯರ್ ಸಹಿ ಮಾಡಿದ ಕಾಗದ ಮಾಲಕರ ಕಡೆ ಇರಬೇಕು. ಅದನ್ನ ಕೇಳ್ರಿ.”

ಪ್ರಭು ಒಪ್ಪಿದ. ಬಂದರಿನಲ್ಲಿ ಆಗಾಗ ಭೂಕಂಪದ ಅಣಕು ತಾಲೀಮು ನಡೆಯುತ್ತದೆ ಎಂದ. ನಡುಗುವಾಗ ಮೆಟ್ಟಿಲಿಗೆ ಓಡಬಾರದು, ಗಟ್ಟಿ ಮೇಜಿನ ಕೆಳಗೆ ಸೇರಿ ಅದರ ಕಾಲು ಹಿಡಿದುಕೊಳ್ಳಬೇಕು. ಸಮುದ್ರದ ದಂಡೆಯಲ್ಲಿದ್ದಾಗ ನಡುಕ ಬಹಳ ಹೊತ್ತು ನಿಲ್ಲದಿದ್ದರೆ, ಅದು ನಿಂತ ಕೂಡಲೇ ಯಾರೂ ಹೇಳುವವರೆಗೆ ಕಾಯದೆ ದಂಡೆ ಬಿಟ್ಟು ಎತ್ತರದ ಕಡೆ ಹೋಗಬೇಕು. ಹೇಳುತ್ತ ಹೇಳುತ್ತ ಫೋನು ತಿರುಗಿಸಿ ಮನೆ ತೋರಿಸಿದ. ಮಲಗುವ ಕೋಣೆಯಲ್ಲಿ ಹಾಸಿಗೆಯ ಪಕ್ಕ ಕಬ್ಬಿಣದ ಕಪಾಟು ನಿಂತಿತ್ತು, ಅದರ ತಲೆಯ ಮೇಲೆ ಎರಡು ಸೂಟಕೇಸು.

ಮಡಿವಾಳೆಪ್ಪ ಮುಂದಕ್ಕೆ ಬಾಗಿದರು. “ಅಳಿಯಾರ, ಆ ಕಪಾಟು ಗ್ವಾಡಿಗೆ ಬಿಗದೀರೇನ್ರಿ?”

ಪ್ರಭು ಕಪಾಟನ್ನು ಕೈಯಿಂದ ಅಲುಗಿಸಿ ನೋಡಿದ. “ಇಲ್ರಿ ಮಾವಾರ. ಬಿಗೀಬೇಕು ಅಂತ ತಾಲೀಮಿನ್ಯಾಗ ಹೇಳಿದ್ರು.”

“ಹೇಳಿದ್ರು. ನಡಗಿದ್ರ ಅದು ನನ್ನ ಮೊಮ್ಮಗಳ ಮ್ಯಾಲ ಬೀಳತೈತಿ. ಮೊದಲ ಬಿಗೀರಿ, ಸೂಟಕೇಸ ಇಳಸ್ರಿ. ಆಮ್ಯಾಲೆ ಟಿಕೀಟಿನ ಮಾತು.”

“ಬಿಗೀತೀನ್ರಿ,” ಎಂದ ಪ್ರಭು. “ಆದ್ರ ಮಾವಾರ, ತೊಟ್ಲದ ಮ್ಯಾಲ ಏನೈತಿ ಅಂತ ಅಮೃತಾ ಈಗ ನಂಗ ಮೆಸೇಜ್ ಹಾಕ್ಯಾಳ. ತೊಂಬತ್ತು ಚೀಲ ಅಂತ.”

ಮಡಿವಾಳೆಪ್ಪ ಮಗಳ ಕಡೆ ನೋಡಿದರು. ಅಮೃತಾ ಫೋನು ಕೆಳಗಿಟ್ಟು ಒಳಕೋಣೆಗೆ ಹೋದಳು. ಕೂಸನ್ನು ಎತ್ತಿ ತಾಯಿಯ ಕೈಗೆ ಕೊಟ್ಟು, ತೊಲೆಗೆ ಕಟ್ಟಿದ್ದ ಹಗ್ಗ ಬಿಚ್ಚಲು ಸ್ಟೂಲು ಹತ್ತಿದಳು.

“ಇಳಿ. ನಾ ಬಿಚ್ಚತೀನಿ,” ಎಂದರು ಮಡಿವಾಳೆಪ್ಪ. ಗಂಟು ಅವರೇ ಹಾಕಿದ್ದು, ಬಿಗಿಯಾಗಿತ್ತು. ಬಿಚ್ಚುತ್ತ, ಯಾರಿಗೂ ಅಲ್ಲ ಎಂಬಂತೆ, “ಮ್ಯಾಲಿನ ಮಣ್ಣೆಲ್ಲಾ ನಾನ ಹಾಕಿದ್ದು. ಮನಿ ಉಳೀಲಿ ಅಂತ ಹಾಕಿದ್ದು,” ಎಂದರು.

“ಸೋರಬಾರದು ಅಂತ ಹಾಕೀರಿ ಕಾಕಾ. ಅದಕ್ಕ ಬ್ಯಾರೆ ದಾರಿ ಐತಿ,” ಎಂದಳು ಮುಬಶಿರಾ.

ಪಡಸಾಲೆಯ ಮುಂದಿನ ತಗಡಿನ ಚಪ್ಪರಕ್ಕೆ ತೊಟ್ಟಿಲು ಬಂತು. ಬಿಸಿಲು ತಾಗದಂತೆ ಶಮೀಮಾಬಿ ಒಂದು ಜಮಖಾನೆ ಅಡ್ಡ ಕಟ್ಟಿದರು. “ನೇಯಾಕ ಹದಿನೈದು ದಿನ ಆಗೇತಿ. ಕೂಸು ಒದ್ದಿ ಮಾಡಿದ್ರ ನೀವ ತೊಳೀಬೇಕು ಮಡಿವಾಳೆಪ್ಪಣ್ಣಾರ.”

ಮುಬಶಿರಾ ಹೇಳಿದ ದಾರಿ ಸರಳವಾಗಿತ್ತು. ಅವಳ ಕಚೇರಿಯ ಹಿರಿಯ ಇಂಜಿನಿಯರ್ ಬಂದು ಮನೆ ನೋಡಿದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಒಂದೇ ಕಡೆ ಅಗೆಯದೆ ಎಲ್ಲ ಕಡೆ ಸಮನಾಗಿ, ಹಳೆಯ ಮಣ್ಣನ್ನು ಇಳಿಸಿದರು. ಎಂಟು ಇಂಚು ಮಾತ್ರ ಉಳಿಸಿಕೊಂಡು, ಅದರ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ನೀರು ತಡೆಯುವುದು ಹಾಳೆ, ತಂಪು ಕೊಡುವುದು ಮಣ್ಣು. ಕಂಬ ಮತ್ತು ತೊಲೆ ಕೂಡುವ ಕಡೆ ಓರೆಯಾಗಿ ಕಟ್ಟಿಗೆಯ ಆಸರೆ ಕೊಟ್ಟು ಬೋಲ್ಟು ಬಿಗಿದರು. ಗೋಡೆಯ ಒಳಮೈ ಹೊರಮೈ ಬೇರೆಯಾಗದಂತೆ ಅಲ್ಲಲ್ಲಿ ಕಬ್ಬಿಣದ ಸರಳು ತೂರಿಸಿ ಕಾಂಕ್ರೀಟ್ ತುಂಬಿದರು.

“ಈಗ ಭೂಕಂಪ ಬಂದ್ರ ಏನೂ ಆಗಂಗಿಲ್ಲಲ್ಲ?” ಎಂದು ಕೇಳಿದರು ಸಾವಿತ್ರೆವ್ವ.

“ಏನೂ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ ಕಾಕಿ. ಮೊದಲಿನಕ್ಕಿಂತ ಅಪಾಯ ಕಡಿಮಿ ಆತು. ಹೊರಗ ಓಡಾಕ ವ್ಯಾಳ್ಯಾ ಸಿಗತೈತಿ.”

ಇಳಿಸಿದ ಮಣ್ಣು, ಏರಿಸದೆ ಉಳಿದ ಹೊಸ ಮಣ್ಣೂ ಸೇರಿ, ಹದಿಮೂರು ಟ್ರೇಲರ್ ಆಯಿತು. ಮೊದಲ ಟ್ರೇಲರ್ ತುಂಬುವವರೆಗೆ ಅದು ಬಿದ್ದಿದ್ದು ಶಮೀಮಾಬಿಯ ಬಾಗಿಲ ಮುಂದೆಯೇ. ಆಮೇಲೆ ಊರ ಬಸ್ ನಿಲ್ದಾಣದ ತಗ್ಗು ತುಂಬಲು ಹೋಯಿತು. ಪ್ರಭು ಕಳಿಸಿದ ಕಾಗದದ ಫೋಟೊವನ್ನು ಮುಬಶಿರಾ ಎರಡು ಸಲ ಓದಿ ಸರಿ ಇದೆ ಎಂದಳು. ಕಪಾಟು ಬಿಗಿದ ಫೋಟೊವನ್ನು ಮಡಿವಾಳೆಪ್ಪ ತಾವೇ ನೋಡಿ, ಮೇಲೆ ಇನ್ನೆರಡು ಸ್ಕ್ರೂ ಹಾಕಿಸಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮದೂ ಮಣ್ಣಿನ ಮಾಳಿಗೆಯಾಗಿದ್ದರೆ ಈ ವರ್ಷ ಹೊಸ ಮಣ್ಣು ಏರಿಸುವ ಮೊದಲು ಬೆಳಕಿಂಡಿಯ ಹತ್ತಿರ ಒಂದು ಟೇಪು ಇಳಿಬಿಡಿ. ಒಂದು ಅಡಿ ದಾಟಿದ್ದರೆ ಮಣ್ಣು ಏರಿಸಬೇಡಿ, ತಿಳಿದ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ನಿಮ್ಮಷ್ಟಕ್ಕೆ ನೀವೇ ಕೆಡವಲು ಹೋಗಬೇಡಿ. ತೊಟ್ಟಿಲನ್ನು, ಮುದುಕರ ಹಾಸಿಗೆಯನ್ನು ಭಾರದ ಕೆಳಗಿನಿಂದ ಇವತ್ತೇ ಸರಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮಣ್ಣಿನ ಮನೆಯಲ್ಲಿ ಬಾಗಿಲ ಹತ್ತಿರ ಇರುವಾಗ ನೆಲ ನಡುಗಿದರೆ ಕೂಡಲೇ ಬಯಲಿಗೆ ಬನ್ನಿ. ಮಗ ಮಗಳು ಕಛ್‌ನಂಥ ಕಡೆ ಇದ್ದರೆ ಹೆದರಿ ವಾಪಸು ಕರೆಯಬೇಡಿ. ಮನೆಯ ಕಾಗದ ಕೇಳಿ, ಕಪಾಟು ಬಿಗಿದಿದ್ದೀರಾ ಎಂದು ಕೇಳಿ.

ಮೇ ಕೊನೆಯ ವಾರ ಅಮೃತಾ ಕೂಸಿನೊಂದಿಗೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದಳು. ಆ ವರ್ಷದ ಮೊದಲ ದೊಡ್ಡ ಮಳೆಗೆ ಮಾಳಿಗೆ ಅಡುಗೆ ಮನೆಯ ಮೂಲೆಯಲ್ಲಿ ಒಂದು ಕಡೆ ಸೋರಿತು. ಹಾಳೆಯ ಅಂಚು ಸರಿಪಡಿಸಿದ ಮೇಲೆ ನಿಂತಿತು.

ಜೂನ್ 19ರಂದು ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ಗಾಂಧಿಧಾಮದಲ್ಲಿ ಮತ್ತೆ ನೆಲ ನಡುಗಿತು. ಆರು ಸೆಕೆಂಡು. ಅಮೃತಾ ಕೂಸನ್ನು ಎದೆಗವಚಿಕೊಂಡು ಮೇಜಿನ ಕೆಳಗೆ ಕುಳಿತಿದ್ದಳು. ಕಪಾಟು ನಿಂತಲ್ಲೇ ನಿಂತಿತ್ತು.