ಬೆನ್ನು ತಿರುಗಿಸಿ ನಿಂತವರು

ಆಡುಗಳು, ಐದು, ಅಲ್ಲ ಆರು, ಮುಂದಿನ ಪಿಕಪ್ಪಿನ ಹಿಂಬದಿಯಲ್ಲಿ ಸಾಲಾಗಿ ನಿಂತು ಕಿವಿ ಹಾರಿಸುತ್ತ ಅವನನ್ನೇ ನೋಡುತ್ತಿವೆ, ಒಂದರ ಗಡ್ಡ ಥೇಟ್ ಶಾಲೆಯ ಕವಾಯತಿನ ಮೇಜರ್ ಸಾಹೇಬರದ್ದು — ಛೆ, ಮೇಜರರಿಗೆ ಗಡ್ಡವೆಲ್ಲಿತ್ತು, ಮೀಸೆ, ಮೇಣ ಹಚ್ಚಿ ತಿರುವಿದ ಮೀಸೆ, ಗಡ್ಡ ಇದ್ದದ್ದು ಪ್ರಿನ್ಸಿಪಾಲ್ ಫಾದರ್‌ಗೆ — ಫ್ರೆಡ್ಡಿ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ ಆಡುಗಳನ್ನು ದೂರ ಹೋಗಲು ಬಿಟ್ಟ. ಬರ್ಕಾ ಇನ್ನು ಹದಿನೆಂಟು ಕಿಲೋಮೀಟರ್. ರಸ್ತೆಯ ಮೇಲೆ ಬಿಸಿಲಿನ ನೀರು ನಿಂತಿದೆ, ಹತ್ತಿರ ಹೋದಷ್ಟೂ ಹಿಂದೆ ಸರಿಯುವ ನೀರು, ಅದರೊಳಗೆ ಖರ್ಜೂರದ ಮರಗಳು ತಲೆಕೆಳಗಾಗಿ ತೇಲುತ್ತಿವೆ, ಸೆಪ್ಟೆಂಬರ್ ಬಂದರೂ ಇಳಿಯದ ಕಾವು. ಘಾಲಾದ ಫ್ಲ್ಯಾಟಿನ ಬಾಗಿಲಲ್ಲಿ ಹೆಂಡತಿ ಇವ್ಲಿನ್ ಅಡ್ಡ ನಿಂತಿದ್ದಳು, ಶುಕ್ರವಾರ ಊಟ ಆದ ಮೇಲೆ ಮಲಗದೆ ನೀವು ಎಲ್ಲಿಗಾದರೂ ಹೋದದ್ದುಂಟಾ, ಗಿಡ ತರಲಿಕ್ಕೆ ಅಂದ, ಬಾಲ್ಕನಿಗೆ, ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಒಂದು ತುಳಸಿಗೂ ನೀರು ಹಾಕದವ ಹಾಗೆಂದ, ಅವಳು ನಂಬಲಿಲ್ಲ, ಜಾಯ್ಸನ್ ಎರಡು ಸಲ ಫೋನ್ ಮಾಡಿದ, ಸಂಜೆಯೊಳಗೆ ಹೂಂ ಅನ್ನಬೇಕಂತೆ, ಅನ್ನಿ, ಎಂಥ ದೊಡ್ಡ ಮರ್ಯಾದೆ, ಮಕ್ಕಳಿಗೂ ಹೆಮ್ಮೆ. ಮರ್ಯಾದೆ. ಮಂಗಳೂರಿನಲ್ಲಿ ಕೂತು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ನಡೆಸುವ ಜಾಯ್ಸನ್, ಮೊದಲ ಬೆಂಚಿನ ಜಾಯ್ಸನ್, ಮೊನ್ನೆ ಒಂದೇ ಉಸಿರಿಗೆ ಎರಡು ಸುದ್ದಿ ಹೇಳಿದ್ದ — ಸಂತ ಮೋರಿಸರ ಶಾಲೆಗೆ ಐವತ್ತು ತುಂಬಿತು, ಸಂತರ ಹಬ್ಬದ ದಿನ ಹೊಸ ಬಾವುಟ, ಹಿಡಿದು ನಡೆಯುವವ ನೀನೇ, ಎಲ್ಲರೂ ಒಪ್ಪಿದ್ದಾರೆ, ನಿನ್ನ ಹಾಗೆ ನೆಟ್ಟಗೆ ಬದುಕಿದವ ಯಾರಿದ್ದಾರೆ ಮಾರಾಯ — ಮತ್ತೆ ಕೇಳು, ನಿನ್ನ ಒಮಾನಿನಲ್ಲೇ ಇದ್ದಾನಂತೆ ನಮ್ಮ ಫಾಹಿಮ್, ಬರ್ಕಾದಲ್ಲಿ ಗಿಡಗಳ ನರ್ಸರಿ, ನೆನಪುಂಟಲ್ಲ, ಬಾವುಟ ಸುಟ್ಟ ಫಾಹಿಮ್.

ಬಾವುಟ ಸುಟ್ಟ ಫಾಹಿಮ್, ಹೆಸರಿಗೇ ಅಂಟಿಕೊಂಡಿದೆ, ಮನೆತನದ ಹೆಸರಿನ ಹಾಗೆ, ಮೂವತ್ತೆಂಟು ವರ್ಷ. ನಲವತ್ತು, ನಲವತ್ತೊಂದು, ಹಾಸಿಗೆಗಳಿಗೂ ನಂಬರು, ಹುಡುಗರಿಗೂ ನಂಬರು, ನಲವತ್ತು ಫಾಹಿಮ್, ನಲವತ್ತೊಂದು ಫ್ರೆಡ್ಡಿ, ನಡುವೆ ಒಂದು ಕಬ್ಬಿಣದ ಟ್ರಂಕು. ಬಯಲುಸೀಮೆಯ ಕಲ್ಲುದಿಬ್ಬದ ಮೇಲೆ ಫಾದರುಗಳ ಸೈನಿಕ ಶಾಲೆ, ಕರಾವಳಿಯಿಂದ ರೈಲಿನಲ್ಲಿ ಬಂದ ಹುಡುಗರಿಗೆ ಮೊದಲ ವಾರ ತುಟಿಯೆಲ್ಲ ಒಡೆಯುತ್ತಿತ್ತು, ಐದು ಗಂಟೆಗೆ ಕಹಳೆ, ಐದೂಕಾಲಿಗೆ ಬೂಟು, ಐದೂವರೆಗೆ ಚಾಪೆಲ್ — ಬೂಟುಪಾಲಿಶಿನ ವಾಸನೆ, ಧೂಪದ ವಾಸನೆ, ಇವತ್ತಿಗೂ ಘಾಲಾದ ಇಗರ್ಜಿಯಲ್ಲಿ ಧೂಪ ಹಾಕಿದರೆ ಅವನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ, ಇವ್ಲಿನ್ ನಗುತ್ತಾಳೆ, ಎಟೆನ್ಶನ್ ಅಂತ ಪಿಸುಗುಟ್ಟುತ್ತಾಳೆ. ಶುಕ್ರವಾರ ಮೌನದ ಊಟ, ಇನ್ನೂರು ಚಮಚಗಳ ಸದ್ದು ಮಾತ್ರ. ಪೂಜೆಯ ಹೊತ್ತಿಗೆ ಕ್ರೈಸ್ತರಲ್ಲದ ಮೂವರು ಹುಡುಗರು ಉಗ್ರಾಣದಲ್ಲಿ ಕೂತು ಹಿತ್ತಾಳೆಯ ಗುಂಡಿಗಳನ್ನು ತಿಕ್ಕುವರು, ಬೀಗದ ಕೈ ಫಾಹಿಮನ ಹತ್ತಿರ, ಅದೇ ಉಗ್ರಾಣದಲ್ಲಿ ಬಾವುಟದ ಪೆಟ್ಟಿಗೆ, ನೀಲಿ ರೇಷ್ಮೆ, ನಡುವೆ ಜರಿಯ ದಾರದಲ್ಲಿ ಸಂತ ಮೋರಿಸರು, ಕೈಯಲ್ಲಿ ಭರ್ಜಿ. ಬಾವುಟವನ್ನು ಇಸ್ತ್ರಿ ಮಾಡು ಅಂತ ಫ್ರೆಡ್ಡಿಗೆ ಯಾರೂ ಹೇಳಿರಲಿಲ್ಲ. ಹದಿಮೂರು ವರ್ಷ, ಹಬ್ಬದ ಹಿಂದಿನ ಮಧ್ಯಾಹ್ನ ಕವಾಯತು ತಂಡದ ಅಂಗಿಗಳನ್ನು ಇಸ್ತ್ರಿ ಮಾಡುವ ಸರದಿ ಅವನದು, ಪೆಟ್ಟಿಗೆ ತೆರೆದಿತ್ತು, ಸಂತರ ಮುಖದ ಮೇಲೆ ಒಂದು ಸುಕ್ಕು, ಅಷ್ಟೆ, ಅಷ್ಟು ಚಂದದ ಮುಖದ ಮೇಲೆ ಸುಕ್ಕು ಯಾಕೆ ಅಂತ ಅನಿಸಿತು, ಪ್ರೀತಿಯಿಂದಲೇ, ದೇವರಾಣೆ ಪ್ರೀತಿಯಿಂದಲೇ, ಕೆಂಡದ ಇಸ್ತ್ರಿಪೆಟ್ಟಿಗೆ, ಒಂದು ಉಸಿರಿನಷ್ಟು ಹೊತ್ತು, ಕೂದಲು ಸುಟ್ಟ ನಾತ, ಭರ್ಜಿಯ ಪಕ್ಕದಲ್ಲಿ ದೋಣಿಯ ಮೂತಿಯಂಥ ತೂತು. ಮಡಚಿಟ್ಟ. ನೀಟಾಗಿ, ಅಂಚಿಗೆ ಅಂಚು ಸೇರಿಸಿ ಮಡಚಿಟ್ಟ. ಮರುದಿನ ಬಾವುಟ ಏರಿದಾಗ ತೂತಿನಿಂದ ಬಿಸಿಲಿಳಿದು ಬಿಷಪರ ಬಿಳಿ ನಿಲುವಂಗಿಯ ಮೇಲೆ ಒಂದು ಬೆಳಕಿನ ಮೀನು ಆಡಿತು, ಅವರು ಆಶೀರ್ವಾದ ನಿಲ್ಲಿಸಿ ಅದನ್ನೇ ನೋಡಿದರು. ಸಂಜೆ ಮೈದಾನದಲ್ಲಿ ಸಾಲು. ಆ ಶಾಲೆಯಲ್ಲಿ ಹೊಡೆಯುವುದಿಲ್ಲ, ಹೆಸರು ಕೇಳುವುದಿಲ್ಲ, ಅದೇ ಅಲ್ಲಿನ ಹೆಮ್ಮೆ, ಮಾಡಿದವನು ಒಂದು ಹೆಜ್ಜೆ ಮುಂದೆ ಬರಲಿ ಎಂದು ಮೇಜರರು ಹೇಳಿ ಸುಮ್ಮನೆ ನಿಲ್ಲುತ್ತಾರೆ, ಅವರು ನಿಂತಷ್ಟು ಹೊತ್ತು ಎಲ್ಲರೂ ನಿಲ್ಲಬೇಕು. ಬೂಟಿನೊಳಗೆ ಫ್ರೆಡ್ಡಿಯ ಬೆರಳುಗಳು ಹೊರಟಿದ್ದವು, ನಿಜವಾಗಿ, ಬೆರಳುಗಳು ಮುಂದೆ ಹೋಗಿದ್ದವು, ಕಾಲು ಹೋಗಲಿಲ್ಲ. ಅಷ್ಟರಲ್ಲಿ ಎಡಗಡೆಯಿಂದ ಬೂಟಿನ ಸದ್ದು, ಫಾಹಿಮ್ ಒಂದು ಹೆಜ್ಜೆ ಮುಂದೆ. ಮತ್ತೆ ಇನ್ನೂರು ಜನ ಒಟ್ಟಿಗೆ ಬಿಟ್ಟ ಉಸಿರು, ಹೌದಲ್ಲ, ಬೀಗದ ಕೈ ಅವನ ಹತ್ತಿರವೇ ಇತ್ತಲ್ಲ — ಎಷ್ಟು ಸುಲಭವಾಗಿ ನಂಬಿಬಿಟ್ಟರು. ಹೊರಹಾಕಿದ ಹುಡುಗ ಗೇಟಿಗೆ ನಡೆಯುವಾಗ ದಾರಿಯ ಎರಡೂ ಬದಿ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು, ಅದೂ ಸಂಪ್ರದಾಯ, ಮೊದಲ ಬ್ಯಾಚಿನಿಂದ ಬಂದದ್ದು. ಫ್ರೆಡ್ಡಿಯೂ ತಿರುಗಿದ. ಟ್ರಂಕಿನ ಸಡಿಲ ಹಿಡಿ ಟಣ್ ಟಣ್ ಅನ್ನುತ್ತ ಹಿಂದಿನಿಂದ ಹಾದುಹೋಯಿತು, ಅವನ ನೇರಕ್ಕೆ ಬಂದಾಗ ಒಂದು ಸಲ ನಿಂತಿತು, ಮತ್ತೆ ಹೋಯಿತು.

ಯಲ್ಲಾ ಯಲ್ಲಾ, ಯಾರೋ ಹಿಂದಿನಿಂದ ಹಾರ್ನು ಹೊಡೆಯುತ್ತಿದ್ದಾರೆ, ರೌಂಡಬೌಟು, ಬಲಕ್ಕೆ ಸಮುದ್ರದ ವಾಸನೆ, ಎಡಕ್ಕೆ ತೋಟಗಳು, ಹಸಿರು ಬಲೆಯ ಚಪ್ಪರ, ಅದರಡಿ ಪೈಪುಗಳಿಂದ ಮಂಜಿನಂತೆ ಚಿಮ್ಮುವ ನೀರು, ಆ ಮಂಜಿನೊಳಗೆ ಕೈಯಲ್ಲಿ ಕತ್ತರಿ ಹಿಡಿದ ಬೋಳುತಲೆಯ ಮನುಷ್ಯ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡದ್ದೆಲ್ಲ ಆ ತಂಪಿನಲ್ಲಿ ಕರಗಿತು. ಆ ಮನುಷ್ಯ ಕತ್ತರಿ ಕೆಳಗಿಟ್ಟ, ಕಣ್ಣು ಕಿರಿದು ಮಾಡಿದ, ನಲವತ್ತೊಂದು! ಅಂದ. ಹೆಸರಲ್ಲ, ನಂಬರು. ಬಾ ಮಾರಾಯ, ಎಂಥ ಹೊಟ್ಟೆ ಬಂದಿದೆ ನಿನಗೆ, ಕೂತ್ಕೋ, ಸುಲೈಮಾನಿ ಕುಡಿ. ಸಕ್ಕರೆಯ ಕಪ್ಪು ಚಹಾ, ಬೋರಲು ಹಾಕಿದ ಕುಂಡದ ಮೇಲೆ ಕೂತ ಫ್ರೆಡ್ಡಿ, ಎದುರಿಗೆ ಕೂತ ಫಾಹಿಮ್, ಹೆಂಡತಿ ಎಂತ ಮಾಡ್ತಾಳೆ, ಮಕ್ಕಳೆಷ್ಟು, ಮಗಳು ನಿಜ್ವಾದಲ್ಲಿ ಕಲೀತಿದ್ದಾಳಾ, ಮಾಶಾಲ್ಲಾ, ಮಾತು ಎಲ್ಲಿಂದಲೋ ಎಲ್ಲಿಗೋ ಹರಿಯುತ್ತಿದೆ, ಮತ್ತು ಅದರ ನಡುವೆ, ಲೋಟವನ್ನು ಕೆಳಗಿಡದೆ, ಫ್ರೆಡ್ಡಿ ಹೇಳಿಬಿಟ್ಟ, ಬಾವುಟ ಸುಟ್ಟದ್ದು ನಾನು, ಫಾಹಿಮ್. ನೀರು ಚಿಮ್ಮುವ ಸದ್ದು. ಗೊತ್ತಿತ್ತು, ಅಂದ ಫಾಹಿಮ್. ನಿನ್ನ ಹೆಬ್ಬೆರಳಲ್ಲಿ ಬೊಬ್ಬೆ ಬಂದಿತ್ತಲ್ಲ, ಎರಡು ದಿನ ಕೈ ಕಿಸೆಯಲ್ಲಿಟ್ಟು ತಿರುಗಿದ್ದಿ. ಹಾಗಾದರೆ ನೀನು ನನಗೋಸ್ಕರ — ಅಯ್ಯೋ, ನಿನಗೋಸ್ಕರ ಅಂತ ತಿಳ್ಕೊಂಡಿದ್ದೀಯಾ ಇಷ್ಟು ವರ್ಷ? ಅವನು ನಕ್ಕ, ಕೆಟ್ಟ ನಗುವಲ್ಲ, ತೊಡೆಗೆ ಬಡಿದುಕೊಂಡು ನಕ್ಕ, ಇಲ್ಲ ಮಾರಾಯ, ಊರಿಂದ ಕಾಗದ ಬಂದಿತ್ತು, ಉಮ್ಮನಿಗೆ ಜೋರು ಹುಷಾರಿಲ್ಲ ಅಂತ, ಎರಡು ಸಲ ಹೋಗಿ ರಜೆ ಕೇಳಿದೆ, ವರ್ಷದ ನಡುವೆ ರಜೆ ಇಲ್ಲ, ಸೈನಿಕನ ತಾಯಿಗೆ ಅರ್ಥವಾಗುತ್ತದೆ ಅಂದರು ಮೇಜರು, ನಾನು ಎಂತ ಮಾಡುವುದು, ಅಷ್ಟೊತ್ತಿಗೆ ನೀನು ತೂತು ಮಾಡಿ ಇಟ್ಟಿ, ಆ ತೂತಿನಿಂದ ನಾನು ಹೊರಗೆ ಬಂದೆ, ಅಷ್ಟೆ. ಫ್ರೆಡ್ಡಿಗೆ ನಗಬೇಕೋ ಅಳಬೇಕೋ ತಿಳಿಯದು, ಎದೆಯೊಳಗೆ ಮೂವತ್ತೆಂಟು ವರ್ಷ ಹೊತ್ತ ಕಲ್ಲು, ಅದನ್ನು ಇಳಿಸಲಿಕ್ಕೆ ಬಂದರೆ ಇದು ನಿನ್ನದಲ್ಲ ಅನ್ನುತ್ತಾನೆ, ಕಲ್ಲಿಲ್ಲದ ಕೈ ಹೀಗೆ ತೂಗಾಡುತ್ತದೆಯೇ. ಬಸ್ಸಿಳಿದು ಹೊಳೆಬದಿಯಲ್ಲಿ ಹೋಗ್ತಿದ್ದೇನೆ, ಫಾಹಿಮ್ ಹೇಳುತ್ತಿದ್ದಾನೆ, ಉಮ್ಮ ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಿದ್ದಾರೆ, ಹುಷಾರಿಲ್ಲದವರು ಚಿಪ್ಪು ಹೆಕ್ಕಲಿಕ್ಕೆ ಇಳಿಯುವುದಾ ನೀನೇ ಹೇಳು, ನನ್ನನ್ನು ಕಂಡು ಬುಟ್ಟಿ ಬಿಟ್ಟರು, ಅದು ತೇಲಿಹೋಯಿತು, ಕೈಯೆಲ್ಲ ಕೆಸರು ಅಂತ ತಲೆವಸ್ತ್ರಕ್ಕೆ ಒರೆಸಿದರು, ಒರೆಸಿದ್ದೇ ಒರೆಸಿದ್ದು, ಆಮೇಲೆ ನನ್ನ ಮುಖ ಹಿಡಿದರು. ಯಾಕೆ ಬಂದೆ ಅಂತ ಒಂದು ಮಾತು ಕೇಳಲಿಲ್ಲ. ಏಳು ತಿಂಗಳು ಉಮ್ಮ ಸಿಕ್ಕಿದರು ನನಗೆ, ಮುಂದಿನ ರಂಝಾನಿನ ಅರ್ಧದವರೆಗೆ. ಅವನು ಚಹಾದ ತಳವನ್ನು ಮಣ್ಣಿಗೆ ಚೆಲ್ಲಿದ. ಮತ್ತೆ, ನಗು ಇಳಿದ ಮೇಲೆ, ಲೋಟವನ್ನು ತಿರುಗಿಸುತ್ತ, ಒಂದೇ ಒಂದು ಮಾತು, ಫ್ರೆಡ್ಡಿ, ಅಂದ. ಗೇಟಿಗೆ ಹೋಗುವಾಗ. ನೀನೊಬ್ಬ ತಿರುಗಲಿಕ್ಕಿಲ್ಲ ಅಂದ್ಕೊಂಡಿದ್ದೆ. ಒಂದೊಂದೇ ಬೆನ್ನು ನೋಡ್ತಾ ಹೋದೆ, ನಿನ್ನದರ ಗುರುತು ಸಿಕ್ಕಿತು, ನಿಂತೆ. ನನಗೆ ಹೆದರಿಕೆ ಆಗಿತ್ತು, ಅಂದ ಫ್ರೆಡ್ಡಿ. ಗೊತ್ತುಂಟು, ಅಂದ ಫಾಹಿಮ್, ಎದ್ದು ಹೋಗಿ ಒಂದು ಅಬ್ಬಲಿಗೆ ಹೂವಿನ ಗಿಡ ತಂದು ಅವನ ಕೈಗೆ ಕೊಟ್ಟ, ಬೆಳಗಿನ ಬಿಸಿಲು ಸಾಕು ಇದಕ್ಕೆ, ಮಧ್ಯಾಹ್ನದ್ದು ಬೇಡ.

ಕಾರಿನಲ್ಲಿ ಕೂತಿದ್ದಾನೆ, ಹೊರಟಿಲ್ಲ, ಪಕ್ಕದ ಸೀಟಿನಲ್ಲಿ ಗಿಡ, ಅದಕ್ಕೂ ಬೆಲ್ಟು ಹಾಕಿದ್ದಾನೆ ಯಾಕೋ, ಮೊಬೈಲಿನಲ್ಲಿ ನೂರ ಹನ್ನೆರಡು ಜನರ ಗುಂಪು ತೆರೆದಿದೆ, ಹೆಬ್ಬೆರಳನ್ನು ಮೈಕಿನ ಚಿತ್ರದ ಮೇಲೆ ಒತ್ತಿಹಿಡಿದು ಮಾತಾಡಿದ, ತನ್ನ ದನಿ ತನಗೇ ಹದಿಮೂರರದ್ದಾಗಿ ಕೇಳಿತು, ನಾನು ಫ್ರೆಡ್ಡಿ, ನಲವತ್ತೊಂದು, ಎಂಬತ್ತೇಳರ ಹಬ್ಬದ ದಿನದ ಬಾವುಟ ಸುಟ್ಟದ್ದು ನಾನು, ಫಾಹಿಮ್ ಅಲ್ಲ, ಹೊಸ ಬಾವುಟ ನಾನು ಹಿಡಿಯುವುದಿಲ್ಲ. ಬೆರಳು ಎತ್ತಿದ. ಹೋಯಿತು. ಜಾಯ್ಸನ್ ಕೂಡಲೇ ಫೋನ್ ಮಾಡಿದ, ನಿನಗೆ ತಲೆ ಕೆಟ್ಟಿದೆಯಾ, ಡಿಲೀಟ್ ಮಾಡು, ಇನ್ನೂ ಒಂಬತ್ತು ಜನ ಮಾತ್ರ ಕೇಳಿದ್ದಾರೆ, ಕೇಳಲಿ ಅಂದ ಫ್ರೆಡ್ಡಿ, ಹಬ್ಬಕ್ಕೆ ಎರಡು ವಾರ ಉಂಟು ಮಾರಾಯ ನಾನು ಯಾರನ್ನು ಹುಡುಕಲಿ, ಫಾಹಿಮನನ್ನು ಕೇಳು, ಅವ ಬರುತ್ತಾನಾ, ಬರಲಿಕ್ಕಿಲ್ಲ, ಆದರೂ ಕೇಳು. ಇನ್ನು ಇವ್ಲಿನ್‌ಗೆ ಹೇಳಬೇಕು, ಮಗಳಿಗೆ ಹೇಳಬೇಕು, ಬಾಗಿಲಲ್ಲೇ ಹೇಳಬೇಕು, ಒಳಗೆ ಕೂತರೆ ಆಗುವುದಿಲ್ಲ, ರಸ್ತೆ ಹಿಂದಕ್ಕೆ ಓಡುತ್ತಿದೆ, ಬಿಸಿಲಿನ ನೀರು ಕೆಂಪಾಗುತ್ತಿದೆ, ಮತ್ತು ಅವನು ಎಂದೂ ಕಾಣದ ಆ ಹೆಂಗಸು ಮೊಣಕಾಲು ನೀರಿನಲ್ಲಿ ನಿಂತಿದ್ದಾಳೆ, ಗುಂಪಿನಲ್ಲಿ ಯಾರು ಏನೆನ್ನುವರೋ, ಅನ್ನಲಿ, ಬುಟ್ಟಿ ತೇಲಿಹೋಗುತ್ತಿದೆ, ಅವಳು ಕೈ ಒರೆಸುತ್ತಾಳೆ, ಮೊಬೈಲು ಟಿಣ್ ಅನ್ನುತ್ತಿದೆ, ಮತ್ತೆ ಟಿಣ್, ನೋಡುವುದಿಲ್ಲ, ಅವಳು ಕೈ ಒರೆಸುತ್ತಾಳೆ, ಅಂಗೈ, ಬೆರಳಸಂದು, ಉಗುರು, ಕೆಸರು ಹುಡುಗನ ಮುಖಕ್ಕೆ ತಾಗಬಾರದು, ಒರೆಸುತ್ತಾಳೆ, ದಡದತ್ತ ಮುಖ ಮಾಡಿ, ಕಣ್ಣು ತೆಗೆಯದೆ, ಕೈ ಒರೆಸುತ್ತಾಳೆ —