ಏಳನೆಯ ವಸ್ತು

“ಅಂಕಲ್, ಇಯರ್‌ಬಡ್ಸ್ ಕೇಸಾ ಇದು? ಸೋ ಕ್ಯೂಟ್!”

ಇಷ್ಟಲಿಂಗದ ಬೆಳ್ಳಿ ಕರಡಿಗೆ ಆಗಲೇ ಸಹಪಾಠಿ ಕವನಾಳ ಕೈ ಸೇರಿತ್ತು. ಅಡಿವೆಪ್ಪ ನಕ್ಕ. ನಗಬಾರದಿತ್ತು ಎಂದು ನಕ್ಕ ಮೇಲೆ ಅನಿಸಿತು.

ಗದಗಿನಲ್ಲಿ ಆಯುಷ್ಯವಿಡೀ ಸಮಾಜಶಾಸ್ತ್ರ ಕಲಿಸಿದವನು ಅಮೆರಿಕದ ರೆಂಟನ್ನಿನ ಈ ಕಮ್ಯುನಿಟಿ ಕಾಲೇಜಿನಲ್ಲಿ ಅದನ್ನೇ ಮೊದಲಿನಿಂದ ಕಲಿಯುತ್ತಿದ್ದ. ಹೆಂಡತಿ ಶರಣವ್ವ ಲಿಂಗೈಕ್ಯಳಾದ ಮೇಲೆ, ಮನೆಯಲ್ಲಿ ಸುಮ್ಮನೆ ಕೂತರೆ ಮಂಕು ಕವಿಯುತ್ತದೆಂದು ಮಗ ತನ್ಮಯ ಸೇರಿಸಿದ್ದ. ಇಲ್ಲಿ ದುಃಖಕ್ಕೂ ಒಂದು ಕೋರ್ಸು.

ಮನೆಯ ಒಂದು ವಸ್ತು ತಂದು, ಅದರಿಂದ ಸಮಾಜಕ್ಕೇನು ಉಪಯೋಗವೆಂದು ಹೇಳುವುದು ಇಂದಿನ ಪಾಠ. ಮೇಜಿನ ಮೇಲೆ ಬೇಸ್‌ಬಾಲ್ ಟೊಪ್ಪಿಗೆ, ಕಾಫಿ ಮಗ್, ನಾಯಿಯ ಕೊರಳಪಟ್ಟಿ. ಎಲ್ಲಕ್ಕೂ ನಂಬರಿನ ಚೀಟಿ.

ಅಡಿವೆಪ್ಪ ಪಾಠಕ್ಕೆಂದು ಏನನ್ನೂ ತಂದಿರಲಿಲ್ಲ. ಕರಡಿಗೆ ಜೇಬಿನಲ್ಲಿದ್ದದ್ದು ಬೇರೆ ಕೆಲಸಕ್ಕೆ. ಮಣ್ಣು ಮಾಡುವ ದಿನ ಅದನ್ನು, ಒಳಗಿನ ಇಷ್ಟಲಿಂಗ ಸಮೇತ, ಶರಣವ್ವನ ಅಂಗೈಯಲ್ಲಿ ತಾನೇ ಇಟ್ಟಿದ್ದ. ಲಿಂಗಾಯತ ಪದ್ಧತಿಯಂತೆ ನೆಟ್ಟಗೆ ಕೂಡಿಸಿ ಹೂಳಲು ಇಲ್ಲಿ ಬಿಡಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದರು. ಲಿಂಗವಾದರೂ ಜೊತೆಗಿದೆ ಎಂದುಕೊಂಡ. ಮರುವಾರ ಶವಸಂಸ್ಕಾರದ ಕಂಪನಿಯವರು, ಪೆಟ್ಟಿಗೆ ಮುಚ್ಚುವ ಮುಂಚೆ ತೆಗೆದಿಟ್ಟಿದ್ದ ಬಳೆ, ಬೆಂಡೋಲೆಗಳೊಂದಿಗೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಗುತ್ತ ಮರಳಿಸಿದರು. ಒಡವೆ ಕದಿಯದ ಪ್ರಾಮಾಣಿಕರು.

ಇವತ್ತು ಕ್ಲಾಸು ಮುಗಿದ ಮೇಲೆ ತನ್ಮಯ ಕಾರು ತರುವವನಿದ್ದ. ಸಮಾಧಿಯ ಮಣ್ಣು ಸರಿಸಿ ಅವಳದನ್ನು ಅವಳಿಗೆ ಮುಟ್ಟಿಸಬೇಕಿತ್ತು.

ಆದರೆ ತುಸು ಮುಂಚೆ ಅಧ್ಯಾಪಕಿ ಡಾನಾ “ನಿಮ್ಮದು?” ಎಂದಾಗ, ಮನೆಪಾಠ ಮಾಡದ ಹುಡುಗನಂತೆ ನಿಲ್ಲಲು ನಿವೃತ್ತ ಪ್ರೊಫೆಸರಿಗೆ ನಾಚಿಕೆಯಾಗಿತ್ತು. ಕೈ ಜೇಬಿಗೆ ಹೋಗಿತ್ತು.

“ಇದರ ಉಪಯೋಗ?” ಡಾನಾ ಈಗ ಕೇಳಿದಳು.

ಇದು ನನ್ನ ಹೆಂಡತಿಯ ಪ್ರಾಣ ಎನ್ನಬೇಕಿತ್ತು. ನಾಲಗೆ ಹಳೆಯ ನೋಟ್ಸಿನತ್ತ ಹೊರಳಿತು. “ಗುಂಪಿನ ಒಗ್ಗಟ್ಟನ್ನು ಕಾಯುವ ಒಂದು ಗುರುತು” ಎಂದ, ಶುದ್ಧ ಇಂಗ್ಲಿಷಿನಲ್ಲಿ.

“ಅದ್ಭುತ!” ಡಾನಾ ಕರಡಿಗೆಗೆ ಏಳನೆಯ ಚೀಟಿ ಅಂಟಿಸಿದಳು. ಕವನಾ ಚಪ್ಪಾಳೆ ತಟ್ಟಿದಳು. ಅಡಿವೆಪ್ಪನಿಗೆ ಖುಷಿಯಾಯಿತು. ಆಮೇಲೆ ಆ ಖುಷಿಯ ಮೇಲೆ ಹೇಸಿಗೆಯಾಯಿತು.

ಎಲ್ಲರೂ ತಮ್ಮ ತಮ್ಮ ವಸ್ತು ಎತ್ತಿಕೊಂಡು ಹೋದ ಮೇಲೆ ಫೋನು ಬಂತು.

“ಅಪ್ಪಾ, ಮೀಟಿಂಗ್ ಮುಗೀವಲ್ದು. ತಡಾ ಆಗ್ತೈತಿ. ಇವತ್ತ ಅಲ್ಲಿಗೆ ಹೋಗೂದು ಬ್ಯಾಡ ತಗೋ.”

“ಹ್ವಾದ ವಾರಾನೂ ಇದನ್ನ ಹೇಳಿದಿ.”

“ಅಲ್ಲಿ ಅಗಿಯಾಕ ಬಿಡಂಗಿಲ್ಲಪಾ. ಹುಲ್ಲಿಗೂ ರೂಲ್ಸ್ ಅದಾವ. ದೇವರ ಜಗಲಿ ಮ್ಯಾಲ ಇಟ್ರಾತು. ಅದರಾಗೇನೈತಿ?”

“ನಿಮ್ಮವ್ವನ್ನ ಕೇಳಿಯೇನು?”

ಆ ಕಡೆ ತನ್ಮಯ ಇನ್ಯಾರಿಗೋ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ. ಫೋನು ಕಟ್ಟಾಯಿತು.

ಅಡಿವೆಪ್ಪ ಚೀಟಿ ಕಿತ್ತ. ಅದು ಹೆಬ್ಬೆರಳಿಗೆ ಅಂಟಿಕೊಂಡಿತು. ಕೊಡವಿದರೂ ಬೀಳಲಿಲ್ಲ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ. ಕಾಲು ಮಡಚಿ ಕುರ್ಚಿಯ ಮೇಲೆ ಕುಳಿತ. ಮಂತ್ರ ನೆನಪಾಗಲಿಲ್ಲ, ‘ಗುಂಪಿನ ಒಗ್ಗಟ್ಟು’ ನೆನಪಾಯಿತು.

ಯಾರೂ ಅಲುಗಾಡದಿದ್ದರೆ ಕಿಟಕಿಯಿಲ್ಲದ ಆ ಕೋಣೆಯ ದೀಪಗಳು ತಾವೇ ಆರುತ್ತವೆ. ಆರಿದವು. ಕೈ ಬೀಸಿದರೆ ಸಾಕು, ಹತ್ತುತ್ತವೆ. ಬೀಸಲಿಲ್ಲ.

ಬಾಗಿಲಲ್ಲಿ ಯಾರೋ ಇಣುಕಿ, “ಖಾಲಿ” ಎಂದರು. ಬೀಗ ತಿರುಗಿತು.

ಬೆನ್ನು ನೆಟ್ಟಗೆ, ಅಂಗೈಯಲ್ಲಿ ಲಿಂಗ, ಬೆರಳಲ್ಲಿ ನಂಬರು. ಊರಲ್ಲಿ ಹೂಳುವಾಗ ಕೂಡಿಸುವಂತೆಯೇ ಅಡಿವೆಪ್ಪ ಕತ್ತಲಲ್ಲಿ ಕುಳಿತಿದ್ದ.